ಹೊಸ ಮೂಡಲ್ ಬರುವ ಮೊದಲು ‘ಉಪ್ಪಿನಬೆಟಗೇರಿ’ ಎಂದು ಬರೆದು ನೋಡಿ

“ಸರ್ರ, ಟೆಸ್ಟ್ ಎಲ್ಲಿ ಹೋತ್ರಿ? ನಿನ್ನಿತನಕಾ ಇಲ್ಲೇ ಇತ್ತಲ್ರೀ?”

2022ರ ಮಳೆಗಾಲದ ಒಂದು ಬೆಳಿಗ್ಗೆ ಧಾರವಾಡ ಸೀಮೆಯ ಉಪ್ಪಿನಬೆಟಗೇರಿಯಿಂದ ಬಂದ ಫೋನ್ ಇದು. ಆ ಹುಡುಗಿ ಓದುತ್ತಿದ್ದ ಕಾಲೇಜಿನ ಆನ್‌ಲೈನ್ ಪಾಠ, ಟೆಸ್ಟ್‌ಗಳೆಲ್ಲ ಮೂಡಲ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿದ್ದವು. ಅದನ್ನು ನೋಡಿಕೊಳ್ಳುವ ಹೊಣೆ ನನ್ನದು. ಹಿಂದಿನ ರಾತ್ರಿ ಕೂತು ಅದನ್ನು 4.0 ಆವೃತ್ತಿಗೆ ಏರಿಸಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿ ಕಂಡಿತ್ತು. ಅವಳ ಕೈಯಲ್ಲಿದ್ದದ್ದು ಅಣ್ಣನ ಫೋನ್. ಹೊಸ ಆವೃತ್ತಿಯಲ್ಲಿ ಎಡಗಡೆಗೆ ಬಂದಿದ್ದ ಪಾಠಸೂಚಿ ಸಣ್ಣ ಪರದೆಯಲ್ಲಿ ತಾನಾಗಿ ಮಡಚಿಕೊಂಡು ಒಂದು ಚಿಕ್ಕ ಗುಂಡಿಯ ಹಿಂದೆ ಸೇರಿಕೊಂಡಿತ್ತು. ಹತ್ತಕ್ಕೆ ತೆರೆದು ಹತ್ತೂವರೆಗೆ ಮುಚ್ಚುವ ಟೆಸ್ಟ್ ಅದು. ಗುಂಡಿ ಎಲ್ಲಿದೆ ಎಂದು ಬಾಯಿಮಾತಿನಲ್ಲಿ ಹೇಳಿ ತೋರಿಸುವಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಫೋನ್ ಮಾಡುವ ಧೈರ್ಯವಿಲ್ಲದೆ ಸುಮ್ಮನೆ ಕೂತ ಮಕ್ಕಳು ಇನ್ನೆಷ್ಟೋ. ಮರುದಿನ ಟೆಸ್ಟನ್ನು ಮತ್ತೆ ಇಟ್ಟೆವು.

4.0 ಹೇಗಿರುತ್ತದೆ ಎಂಬುದು ಗುಟ್ಟಾಗಿರಲಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಅದು ಹೊರಬರುವ ಎಷ್ಟೋ ಮೊದಲೇ ಅದರ ಚಿತ್ರಗಳು, ಬದಲಾವಣೆಯ ವಿವರಗಳು, ಕಟ್ಟುತ್ತಿದ್ದ ಪ್ರತಿ ಎಲ್ಲವೂ ಯಾರು ಬೇಕಾದರೂ ನೋಡುವಂತೆ ತೆರೆದಿದ್ದವು. ನಾನು ನೋಡಿರಲಿಲ್ಲ. ಅಂದಿನಿಂದ ಹೊಸ ಆವೃತ್ತಿಯನ್ನು ಮೊದಲೇ ತೆರೆದು ನೋಡುವುದನ್ನು ವರ್ಷಕ್ಕೆರಡು ಸಲದ ಕೆಲಸವಾಗಿ ಇಟ್ಟುಕೊಂಡಿದ್ದೇನೆ. ಅದನ್ನು ಹೇಗೆ ಮಾಡಬೇಕು, ಕನ್ನಡದಲ್ಲಿ ಕಲಿಸುವವರು ಏನನ್ನು ಗಮನಿಸಬೇಕು ಎಂಬುದನ್ನು ಶಾಲೆ ಕಾಲೇಜುಗಳ ಮಾಸ್ತರರಿಗೆ, ಅಕ್ಕೋರಿಗೆ ಹೇಳುವುದಕ್ಕಾಗಿ ಈ ಬರಹ.

ಏನಿದು ಮೂಡಲ್?

ಪಾಠದ ಕಡತ, ವಿಡಿಯೊ, ಅಸೈನ್‌ಮೆಂಟ್, ಟೆಸ್ಟ್, ಅಂಕಪಟ್ಟಿ, ಮಕ್ಕಳ ಚರ್ಚೆ ಇವನ್ನೆಲ್ಲ ಒಂದೇ ಸೂರಿನಡಿ ನಡೆಸುವ ತಂತ್ರಾಂಶವನ್ನು ಎಲ್‌ಎಂಎಸ್ ಅನ್ನುತ್ತಾರೆ. ಮುಕ್ತ ತಂತ್ರಾಂಶಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುದು ಮೂಡಲ್. ಕನ್ನಡದ ಕಿವಿಗೆ ಅದು ‘ಮೂಡಲ’, ಪೂರ್ವ ದಿಕ್ಕು. ನಮ್ಮ ಮಕ್ಕಳು ಹಾಗೇ ಅನ್ನುತ್ತಾರೆ, ನಾನು ತಿದ್ದುವುದಿಲ್ಲ. ಇದನ್ನು ಕಟ್ಟಿದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್. 1.0 ಆವೃತ್ತಿ ಹೊರಬಂದದ್ದು 2002ರ ಆಗಸ್ಟ್ 20ರಂದು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ನಡುವಿನ ಸಣ್ಣ ನೆಲೆಯೊಂದರಲ್ಲಿ ಬೆಳೆದ ಅವರು ಚಿಕ್ಕಂದಿನಲ್ಲಿ ಪಾಠ ಕೇಳಿದ್ದು ರೇಡಿಯೊ ಮೂಲಕ. ಶಾಲೆಯಿಂದ ದೂರವಿರುವ ಮಗುವಿಗೆ ಪಾಠ ಮುಟ್ಟಿಸಬೇಕು ಎಂಬ ಹಂಬಲ ಅಲ್ಲಿಂದಲೇ ಬಂದದ್ದಿರಬೇಕು ಎಂದು ನನಗನಿಸುತ್ತದೆ.

ಮುಕ್ತ ತಂತ್ರಾಂಶ ಎಂದರೆ ಬರೀ ದುಡ್ಡಿಲ್ಲದೆ ಸಿಗುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಇದರ ಒಳಗಿನ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಮುಂದಿನ ಆವೃತ್ತಿ ಕಟ್ಟುತ್ತಿರುವಾಗಲೇ ಹೋಗಿ ನಿಂತು ನೋಡಬಹುದು. ಮನೆ ಕಟ್ಟುವಾಗ ಯಜಮಾನ ದಿನಾ ಬಂದು ಕಿಟಕಿ ಎಲ್ಲಿ ಬರಬೇಕು ಎಂದು ಹೇಳುತ್ತಾನಲ್ಲ, ಹಾಗೆ. ಗಿಲಾವು ಆದ ಮೇಲೆ ಹೇಳಿದರೆ ಗೋಡೆ ಒಡೆಯಬೇಕಾಗುತ್ತದೆ.

ಎರಡು ಸುಗ್ಗಿ

ಮೂಡಲ್‌ನ ದೊಡ್ಡ ಆವೃತ್ತಿಗಳು ವರ್ಷಕ್ಕೆ ಎರಡು ಬರುತ್ತವೆ. ಈಚಿನ ವರ್ಷಗಳಲ್ಲಿ ಒಂದು ಏಪ್ರಿಲ್‌ನಲ್ಲಿ, ಇನ್ನೊಂದು ಅಕ್ಟೋಬರ್‌ನಲ್ಲಿ. 4.4 ಬಂದದ್ದು 2024ರ ಏಪ್ರಿಲ್‌ನಲ್ಲಿ, 4.5 ಅದೇ ವರ್ಷದ ಅಕ್ಟೋಬರ್‌ನಲ್ಲಿ, 5.0 2025ರ ಏಪ್ರಿಲ್‌ನಲ್ಲಿ, 5.1 ಅಕ್ಟೋಬರ್‌ನಲ್ಲಿ. ಮುಂಗಾರು, ಹಿಂಗಾರು ಎಂದು ನೆನಪಿಟ್ಟುಕೊಂಡರೆ ನಮ್ಮ ಕಡೆಯವರಿಗೆ ಮರೆಯುವುದಿಲ್ಲ. ಪ್ರತಿ ಬಿಡುಗಡೆಗೆ ಕೆಲವು ವಾರ ಮೊದಲು ಹೊಸದಾಗಿ ಏನನ್ನೂ ಸೇರಿಸದಂತೆ ಬಾಗಿಲು ಹಾಕುತ್ತಾರೆ. ಅಲ್ಲಿಂದ ಮುಂದಿನದು ಪರೀಕ್ಷಾಕಾಲ. ಜಗತ್ತಿನ ಬೇರೆ ಬೇರೆ ಊರುಗಳ ಸ್ವಯಂಸೇವಕರು ಒಂದೊಂದು ಕೆಲಸವನ್ನೂ ಹೆಜ್ಜೆಹೆಜ್ಜೆಯಾಗಿ ಮಾಡಿ, ಆಯಿತು ಅಥವಾ ಆಗಲಿಲ್ಲ ಎಂದು ಬರೆಯುತ್ತಾರೆ.

ನಮ್ಮ ಶಾಲಾ ಪಂಚಾಂಗಕ್ಕೆ ಇದನ್ನು ಹೊಂದಿಸಿ ನೋಡಿ. ಏಪ್ರಿಲ್ ಆವೃತ್ತಿಯ ಪರೀಕ್ಷಾಕಾಲ ಬರುವುದು ಮಾರ್ಚ್‌ನಲ್ಲಿ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಗಳ ಗಡಿಬಿಡಿಯಲ್ಲಿ ಆಗ ಯಾರಿಗೂ ತಲೆ ಎತ್ತಲು ಪುರಸತ್ತು ಇರುವುದಿಲ್ಲ. ಅಕ್ಟೋಬರ್ ಆವೃತ್ತಿಯದು ಸೆಪ್ಟೆಂಬರ್‌ನಲ್ಲಿ. ಗಣಪತಿ ಕಳಿಸಿ ದಸರಾ ರಜೆಗೆ ಕಾಯುವ ದಿನಗಳು. ಕರ್ನಾಟಕದ ಮಾಸ್ತರರು ಪರೀಕ್ಷಿಸಲು ಸೆಪ್ಟೆಂಬರನ್ನು ಹಿಡಿಯಲಿ, ಏರಿಸುವುದನ್ನು ಏಪ್ರಿಲ್-ಮೇ ರಜೆಗೆ ಇಟ್ಟುಕೊಳ್ಳಲಿ ಎಂಬುದು ನನ್ನ ಅನುಭವದ ಮಾತು. ಸೆಮಿಸ್ಟರ್ ಇರುವ ಕಾಲೇಜುಗಳ ಲೆಕ್ಕ ಬೇರೆ. ಅಲ್ಲಿ ಫಲಿತಾಂಶ ಪ್ರಕಟವಾಗಿ ಮುಂದಿನ ತರಗತಿ ಶುರುವಾಗುವ ನಡುವಿನ ವಾರವೇ ಸರಿ.

ಇನ್ನೊಂದು ವಿಷಯ. ಎಲ್ಲ ಆವೃತ್ತಿಗೂ ಏರಬೇಕಾಗಿಲ್ಲ. 4.5 ದೀರ್ಘಾವಧಿ ಬೆಂಬಲದ ಆವೃತ್ತಿ; ಅದಕ್ಕೆ 2027ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳು ಬರುತ್ತವೆ. ಸರ್ವರ್ ನೋಡಿಕೊಳ್ಳಲು ಒಬ್ಬರೇ ಇರುವ ಸಣ್ಣ ಸಂಸ್ಥೆಗಳು ಇಂಥ ಆವೃತ್ತಿಯ ಮೇಲೆ ನಿಂತು, ಹೊಸತನ್ನು ಬೇರೆ ಕಡೆ ಪ್ರಯೋಗಿಸಿ ನೋಡುವುದು ಕ್ಷೇಮ. ಹೊಸ ತಳಿಯ ಹೆಸರು ಬಂತೆಂದು ಉಪ್ಪಿನಬೆಟಗೇರಿಯ ಯಾವ ರೈತರೂ ಹೊಲಕ್ಕೆಲ್ಲ ಅದನ್ನೇ ಬಿತ್ತುವುದಿಲ್ಲ. ನೂರು ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಮೂರು ನಾಲ್ಕು ದಿನಕ್ಕೆ ಎಷ್ಟು ಮೊಳಕೆ ಬಂತು ನೋಡುತ್ತಾರೆ. ಆಮೇಲೂ ಮೊದಲ ವರ್ಷ ನಾಲ್ಕು ಸಾಲು ಮಾತ್ರ.

ಎಲ್ಲಿ ನೋಡಬೇಕು

ಮೂಡಲ್‌ನ ಮುಖ್ಯ ಜಾಲತಾಣದಲ್ಲಿ ‘ಡೆಮೊ’ ಎಂದು ಹುಡುಕಿದರೆ ಎರಡು ತಾಣ ಸಿಗುತ್ತವೆ. ಒಂದರ ಹೆಸರು ಮೌಂಟ್ ಆರೆಂಜ್ ಸ್ಕೂಲ್. ಇದು ಕಲ್ಪಿತ ಶಾಲೆ. ಪಾಠ, ಮಕ್ಕಳು, ಅಂಕ ಎಲ್ಲ ತುಂಬಿಟ್ಟಿದ್ದಾರೆ. ಶಿಕ್ಷಕರಾಗಿ ಒಳಹೋಗಿ ನೋಡಿ, ಹೊರಬಂದು ವಿದ್ಯಾರ್ಥಿಯಾಗಿ ಹೋಗಿ. ಇನ್ನೊಂದು ಸ್ಯಾಂಡ್‌ಬಾಕ್ಸ್. ಅದು ಖಾಲಿ ಅಂಗಳ. ಆಡಳಿತಗಾರರಾಗಿಯೇ ಹೋಗಿ ಏನು ಬೇಕಾದರೂ ಕಟ್ಟಬಹುದು, ಕೆಡವಬಹುದು. ಗಂಟೆಗೊಮ್ಮೆ ಅದು ತಾನಾಗಿ ಮೊದಲಿನಂತಾಗುತ್ತದೆ. ನೀವು ಮಾಡಿದ್ದು ಉಳಿಯುವುದಿಲ್ಲ, ಹಾಗಾಗಿ ಗಂಟೆ ಹೊಡೆಯುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಒಳಹೋಗುವ ಹೆಸರು, ಪಾಸ್‌ವರ್ಡ್ ಆಯಾ ಪುಟದಲ್ಲೇ ಬರೆದಿರುತ್ತದೆ.

ಇವೆರಡರಲ್ಲೂ ಸಾಮಾನ್ಯವಾಗಿ ಇರುವುದು ಆಗತಾನೆ ಬಿಡುಗಡೆಯಾದ ಆವೃತ್ತಿ. ಇನ್ನೂ ಬರಬೇಕಾದದ್ದನ್ನು ನೋಡಲು ಗುಣಮಟ್ಟ ಪರೀಕ್ಷೆಗೆಂದೇ ಇರುವ ಕ್ಯೂಎ ತಾಣಕ್ಕೆ ಹೋಗಬೇಕು. ಅಲ್ಲಿ ಒಮ್ಮೊಮ್ಮೆ ಅರ್ಧ ಕೆಲಸ ಮಾಡುವ ಗುಂಡಿಗಳು, ತಪ್ಪು ಸಂದೇಶಗಳು ಸಿಗುತ್ತವೆ. ಹೆದರಬೇಡಿ, ಅವನ್ನು ಹಿಡಿಯಲೆಂದೇ ಆ ತಾಣ ಇರುವುದು.

ಒಂದು ಎಚ್ಚರಿಕೆ, ಇದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಈ ತಾಣಗಳಿಗೆ ಯಾರು ಬೇಕಾದರೂ ಬರುತ್ತಾರೆ. ನಿಮ್ಮ ತರಗತಿಯ ನಿಜವಾದ ಹೆಸರುಪಟ್ಟಿ, ಫೋನ್ ನಂಬರು, ಅಂಕ, ಫೋಟೊ ಯಾವುದನ್ನೂ ಅಲ್ಲಿಗೆ ಏರಿಸಬೇಡಿ. ನಿಮ್ಮ ಕೋರ್ಸಿನ ಬ್ಯಾಕಪ್ ತೆಗೆದು ಅಲ್ಲಿ ಬಿಚ್ಚಿ ನೋಡುವುದಾದರೆ, ಬ್ಯಾಕಪ್ ಮಾಡುವಾಗಲೇ ಬಳಕೆದಾರರ ವಿವರ ಸೇರಿಸುವ ಆಯ್ಕೆಯನ್ನು ತೆಗೆದುಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟರೊಳಗಿನವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಮಕ್ಕಳ ಹೆಸರು ನಮ್ಮ ಮೇಲೆ ವಿಶ್ವಾಸವಿಟ್ಟು ಕೊಟ್ಟದ್ದು. ಪ್ರಯೋಗಕ್ಕೆ ಬೇಕಾದ ಪಾಠಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲಾ ಶಿಕ್ಷಕರ ಜೊತೆಗೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲಿ ಕನ್ನಡದ ಸಾಮಗ್ರಿ ಸಿಗುತ್ತದೆ. ಅದರಿಂದ ಒಂದು ಪಾಠ ತೆಗೆದುಕೊಂಡರೆ ಸಾಕು.

ಸರ್ವರ್ ನೋಡಿಕೊಳ್ಳುವವರು ಇನ್ನೊಂದು ಹೆಜ್ಜೆ ಇಡಬೇಕು. ಒಂದು ಹಳೆಯ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಯನ್ನು ಹಾಕಿ, ನಿಮ್ಮ ತಾಣದ ನಕಲನ್ನೇ ಅದಕ್ಕೆ ಏರಿಸಿ ನೋಡಿ. 5.0ಕ್ಕೆ ಪಿಎಚ್‌ಪಿ 8.2 ಬೇಕು. 5.1ರಲ್ಲಿ ಕಡತಗಳ ಜೋಡಣೆ ಬದಲಾಗಿ, ವೆಬ್ ಸರ್ವರ್ ತೋರಿಸಬೇಕಾದ್ದು ‘ಪಬ್ಲಿಕ್’ ಎಂಬ ಒಳಕೋಶವನ್ನು. ಇದು ತಿಳಿಯದೆ ಏರಿಸಿದರೆ ತಾಣವೇ ತೆರೆಯುವುದಿಲ್ಲ. ತೀರಾ ಹಳೆಯ ಆವೃತ್ತಿಯಿಂದ ನೇರವಾಗಿ ಹಾರಲಾಗದು, ನಡುವೆ ಒಂದು ಮೆಟ್ಟಿಲು ಹತ್ತಬೇಕಾದೀತು. ಹೊರಗಿನವರು ಬರೆದ ಪ್ಲಗಿನ್‌ಗಳನ್ನು ಬಳಸುತ್ತಿದ್ದರೆ ಅವು ಹೊಸ ಆವೃತ್ತಿಗೆ ಒಗ್ಗುತ್ತವೆಯೇ ಎಂದು ಪ್ಲಗಿನ್ ಪಟ್ಟಿಯಲ್ಲಿ ಒಂದೊಂದಾಗಿ ನೋಡಿ. ಏರಿಸುವಾಗ ಮುರಿಯುವುದು ಹೆಚ್ಚಾಗಿ ಅವೇ. 5.0ರಲ್ಲಿ ಪುಟದ ವಿನ್ಯಾಸಕ್ಕೆ ಬೂಟ್‌ಸ್ಟ್ರ್ಯಾಪ್ 5 ಬಂದಾಗ ಹಳೆಯ ಥೀಮ್‌ಗಳನ್ನು ತಿದ್ದಬೇಕಾಯಿತು. ಇನ್ನೊಂದು: ಹಳೆಯದರ ಬ್ಯಾಕಪ್ಪನ್ನು ಹೊಸದರಲ್ಲಿ ಬಿಚ್ಚಬಹುದು, ಹೊಸದರದ್ದನ್ನು ಹಳೆಯದರಲ್ಲಿ ಬಿಚ್ಚುವ ಭರವಸೆ ಇಲ್ಲ. ಹಿಂದಿರುಗುವ ದಾರಿ ಬೇಕೆಂದರೆ ಏರಿಸುವ ಮೊದಲೇ ಡೇಟಾಬೇಸಿನ ಪೂರ್ತಿ ಪ್ರತಿ ತೆಗೆದಿಡಿ.

ಕನ್ನಡದಲ್ಲಿ ನೋಡುವುದೇ ಬೇರೆ

ಇಲ್ಲಿಯವರೆಗಿನದು ಯಾವ ಭಾಷೆಯವರಿಗಾದರೂ ಹೇಳಬಹುದಾದ ಮಾತು. ಮುಂದಿನದು ಕನ್ನಡದಲ್ಲಿ ಕಲಿಸುವವರೇ ಮಾಡಬೇಕಾದ ಕೆಲಸ, ಯಾಕೆಂದರೆ ಪರ್ತ್‌ನಲ್ಲೋ ಬಾರ್ಸಿಲೋನಾದಲ್ಲೋ ಕೂತು ಪರೀಕ್ಷಿಸುವವರಿಗೆ ಒತ್ತಕ್ಷರ ಒಡೆದದ್ದು ಕಣ್ಣಿಗೇ ಬೀಳುವುದಿಲ್ಲ.

ನಾನು ಮೊದಲು ಬರೆದು ನೋಡುವ ಪದ ‘ಉಪ್ಪಿನಬೆಟಗೇರಿ’. ಊರಿನ ಮೇಲಿನ ಪ್ರೀತಿಯೂ ಹೌದು, ಪದದ ಅನುಕೂಲವೂ ಹೌದು. ಪಕಾರಕ್ಕೆ ಪಕಾರದ ಒತ್ತು, ಅದರ ಮೇಲೆ ಗುಡಿಸು, ಆಮೇಲೆ ಎತ್ವ, ಕೊನೆಗೆ ದೀರ್ಘದ ಏತ್ವ: ಏಳಕ್ಷರದೊಳಗೆ ಕನ್ನಡದ ಅರ್ಧ ಕಷ್ಟ ಬಂದುಹೋಗುತ್ತದೆ. ಕೋರ್ಸಿನ ಹೆಸರಾಗಿ ಬರೆಯಿರಿ, ಪ್ರಶ್ನೆಯೊಳಗೆ ಬರೆಯಿರಿ, ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ ಸಿಗುತ್ತದೆಯೇ ನೋಡಿ, ಅಂಕಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿ ತೆರೆಯಿರಿ. ಪರದೆಯ ಮೇಲೆ ಈಗ ಬಹುತೇಕ ಎಲ್ಲ ಕಡೆ ಚೆನ್ನಾಗಿಯೇ ಕಾಣುತ್ತದೆ. ಪೆಟ್ಟು ಬೀಳುವುದು ಪಿಡಿಎಫ್‌ನಲ್ಲಿ. ಪ್ರಮಾಣಪತ್ರ ಕೊಡುವ ಜನಪ್ರಿಯ ಪ್ಲಗಿನ್ ಬಳಸುವುದು ಟಿಸಿಪಿಡಿಎಫ್ ಎಂಬ ಪರಿಕರವನ್ನು. ಅದಕ್ಕೆ ಭಾರತೀಯ ಲಿಪಿಗಳ ಒತ್ತು ಕೂಡಿಸುವುದು ಗೊತ್ತಿಲ್ಲ. ‘ಉಪ್ಪಿನಬೆಟಗೇರಿ’ ಅಲ್ಲಿ ‘ಉಪ್‌ಪಿನಬೆಟಗೇರಿ’ ಎಂದು ಬಿಡಿಬಿಡಿಯಾಗಿ ಅಚ್ಚಾಗುತ್ತದೆ. ತನ್ನ ಹೆಸರಿನ ಒತ್ತು ಕಳಚಿಬಿದ್ದ ಪ್ರಮಾಣಪತ್ರವನ್ನು ಮಗುವಿನ ಕೈಗೆ ಕೊಡಬಾರದು. ಆ ಪರಿಕರ ಸರಿಹೋಗುವತನಕ ನಾನು ಮಾಡುವುದು ಇಷ್ಟು: ಅಂಕಪಟ್ಟಿಯನ್ನು ಇಳಿಸಿಕೊಂಡು, ಲಿಬ್ರೆ ಆಫೀಸಿನ ಮೇಲ್ ಮರ್ಜ್‌ನಲ್ಲಿ ಕನ್ನಡದ ಪ್ರಮಾಣಪತ್ರ ಮುದ್ರಿಸುತ್ತೇನೆ. ಪ್ರತಿ ಹೊಸ ಆವೃತ್ತಿಯಲ್ಲೂ ಒಂದು ಪಿಡಿಎಫ್ ತೆಗೆದು ನೋಡುವುದನ್ನು ಮಾತ್ರ ಬಿಟ್ಟಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಕಿರು ಉತ್ತರದ ಪ್ರಶ್ನೆ. ಚಲನೆಯ ನಿಯಮಗಳನ್ನು ಹೇಳಿದವರು ಯಾರು ಎಂದು ಕೇಳಿ, ಸರಿಯುತ್ತರ ‘ನ್ಯೂಟನ್’ ಎಂದು ಕೊಟ್ಟಿರೆಂದುಕೊಳ್ಳಿ. ಇಬ್ಬರು ಮಕ್ಕಳು ಎರಡು ಬಗೆಯ ಕೀಲಿಮಣೆಯಿಂದ ಅದನ್ನೇ ಬರೆಯುತ್ತಾರೆ. ಕಣ್ಣಿಗೆ ಎರಡೂ ಒಂದೇ. ಒಬ್ಬಳಿಗೆ ಅಂಕ ಬರುತ್ತದೆ, ಇನ್ನೊಬ್ಬನಿಗೆ ಸೊನ್ನೆ. ಕಾರಣ, ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ಬೆನ್ನಿಗೆ, ಅದು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಿರಲೆಂದು, ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತವೆ. ಯಂತ್ರಕ್ಕೆ ಅದು ಬೇರೆಯದೇ ಪದ. ‘ರ‍್ಯಾಂಕ್’ ಎಂಬ ಪದದಲ್ಲೂ ಇದೇ ತೊಡಕು. ಅರ್ಕಾವೊತ್ತು ಬರದಂತೆ ಬರೆಯಲು ನಡುವೆ ಕಾಣದ ಗುರುತು ಬೇಕು, ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಇದಕ್ಕೊಂದು ಸುಲಭದ ಉಪಾಯ ಇದೆ. ಸರಿಯುತ್ತರದ ಕೊನೆಗೆ ಒಂದು ನಕ್ಷತ್ರದ ಗುರುತು ಹಾಕಿ: ‘ನ್ಯೂಟನ್*’. ನಕ್ಷತ್ರ ಇದ್ದಲ್ಲಿ ಮುಂದೆ ಏನೇ ಬಂದರೂ ಮೂಡಲ್ ಒಪ್ಪಿಕೊಳ್ಳುತ್ತದೆ. ನಡುವೆ ತೊಡಕಿರುವ ಪದಕ್ಕೆ ಎರಡೂ ಬಗೆಯ ಬರಹವನ್ನು ಸರಿಯುತ್ತರಗಳಾಗಿ ಕೊಡಿ. ಇಬ್ಬರು ಬೇರೆ ಬೇರೆ ಫೋನಿನವರನ್ನು ಪಕ್ಕ ಕೂರಿಸಿಕೊಂಡು ಇದನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಕಂಪ್ಯೂಟರು ಕೊಟ್ಟ ಸೊನ್ನೆಯನ್ನು ಮಗು ಪ್ರಶ್ನಿಸುವುದಿಲ್ಲ, ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಆ ಹತ್ತು ನಿಮಿಷ ಉಳಿಸಬೇಡಿ.

ಹಾಗೆಯೇ ಸಂಖ್ಯೆಯ ಉತ್ತರಕ್ಕೆ ‘೨೫’ ಎಂದು ಕನ್ನಡದ ಅಂಕಿಯಲ್ಲಿ ಬರೆದರೆ ಏನಾಗುತ್ತದೆ ನೋಡಿ. ತರಗತಿಯ ಪಟ್ಟಿಯ ಮೇಲೆ ಮೊದಲಕ್ಷರ ಒತ್ತಿ ಹೆಸರು ಹುಡುಕುವ ಸಾಲೊಂದು ಇರುತ್ತದೆ. ಅಲ್ಲಿ ಕಾಣುವ ಅಕ್ಷರಮಾಲೆ ಭಾಷೆಯ ಪ್ಯಾಕಿನಿಂದ ಬರುವಂಥದ್ದು. ಮಕ್ಕಳ ಹೆಸರು ಕನ್ನಡದಲ್ಲಿದ್ದು ಮೇಲೆ ಇಂಗ್ಲಿಷ್ ಅಕ್ಷರಗಳಿದ್ದರೆ ಆ ಸಾಲು ಇದ್ದೂ ಉಪಯೋಗವಿಲ್ಲ. ಹೆಸರಿನ ವಿಷಯ ಬಂದಾಗ ಇನ್ನೊಂದು: ಮೂಡಲ್ ಕಡ್ಡಾಯವಾಗಿ ಕೇಳುವುದು ಎರಡು ಭಾಗ, ಮೊದಲ ಹೆಸರು ಮತ್ತು ಅಡ್ಡಹೆಸರು. ನಮ್ಮ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು. ನಡುವಿನದಕ್ಕೆ ಪ್ರತ್ಯೇಕ ಜಾಗ ಇದೆ, ಆಡಳಿತಗಾರರು ಅದನ್ನು ಕಾಣುವಂತೆ ಹೊಂದಿಸಬೇಕು. ಒಂದೇ ಹೆಸರು, ಒಂದೇ ಅಡ್ಡಹೆಸರಿನ ಮಕ್ಕಳು ತರಗತಿಗೆ ಮೂವರಿರುವ ಊರುಗಳಲ್ಲಿ ಇದಿಲ್ಲದೆ ಅಂಕಪಟ್ಟಿ ನಡೆಯದು.

ಇವನ್ನೆಲ್ಲ ಫೋನಿನಲ್ಲೇ ನೋಡಿ. ಮೊದಲ ಪಾಠ ನಾನು ಕಲಿತದ್ದೇ ಅದು. ಮೂಡಲ್ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು. ಶಿಕ್ಷಕರು ಅನುಮತಿ ಕೊಟ್ಟಿದ್ದರೆ ಟೆಸ್ಟನ್ನೂ ಹಾಗೇ ಬರೆದು, ಸಿಗ್ನಲ್ ಸಿಕ್ಕಾಗ ಕಳಿಸಬಹುದು. ವಿಮಾನದ ಗುರುತು ಒತ್ತಿ ಫೋನಿನ ಸಂಪರ್ಕ ಕಡಿದು, ಹೊಲದ ಬದುವಿನ ಮೇಲೆ ಕೂತ ಹುಡುಗನಂತೆ ಒಂದು ಟೆಸ್ಟ್ ಬರೆದು ನೋಡಿ. ಇಡೀ ಊರಿಗೇ ನೆಟ್ ನಿಧಾನವಿದ್ದರೆ ಮೂಡಲ್‌ಬಾಕ್ಸ್ ಎಂಬುದೊಂದಿದೆ. ಸ್ವಿಟ್ಜರ್ಲೆಂಡಿನ ನಿಕೊಲಾ ಮಾರ್ಟಿನ್ಯೋನಿ ಕಟ್ಟಿಕೊಟ್ಟದ್ದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಅದನ್ನು ತುಂಬಿದರೆ ಅದೇ ವೈಫೈ ಹಬ್ಬಿಸುತ್ತದೆ, ಇಂಟರ್ನೆಟ್ಟಿನ ಹಂಗಿಲ್ಲದೆ ಒಂದು ತರಗತಿ ಮೂಡಲ್ ಬಳಸಬಹುದು. ಹಳ್ಳಿ ಶಾಲೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಕಂಡಿಲ್ಲ.

ಈಚೆಗೆ ಬಂದದ್ದರಲ್ಲಿ ಎಲ್ಲರೂ ಕೇಳುವುದು ಎಐ ಬಗ್ಗೆ. 4.5ರಲ್ಲಿ ಅದರ ನೆಲಗಟ್ಟು ಬಂತು: ಬರೆಯುವ ಪೆಟ್ಟಿಗೆಯಲ್ಲಿ ಪಠ್ಯ, ಚಿತ್ರ ಹುಟ್ಟಿಸುವುದು, ಪುಟದ ಸಾರಾಂಶ ಕೊಡುವುದು. ಆಡಳಿತಗಾರರು ಯಾವುದಾದರೂ ಎಐ ಸೇವೆಗೆ ಜೋಡಿಸಿದರಷ್ಟೇ ಅದು ಕೆಲಸ ಮಾಡುತ್ತದೆ. 5.0ರಲ್ಲಿ ಒಲಾಮಾ ಸೇರಿತು. ಅಂದರೆ ಮಕ್ಕಳ ಬರಹ ಹೊರಗಿನ ಕಂಪನಿಗೆ ಹೋಗದಂತೆ ನಮ್ಮದೇ ಕಂಪ್ಯೂಟರಿನಲ್ಲಿ ಎಐ ನಡೆಸುವ ದಾರಿ. ಜೋಡಿಸುವ ಮೊದಲು ನಿಮ್ಮದೇ ಒಂದು ಕನ್ನಡ ಪಾಠವನ್ನು ಕೊಟ್ಟು ಸಾರಾಂಶ ಮಾಡಿಸಿ, ಸಾಲು ಸಾಲಾಗಿ ಮೂಲದೊಡನೆ ಹೋಲಿಸಿ ಓದಿ. ಆ ಓದು ಆಗುವತನಕ ಮಕ್ಕಳಿಗೆ ಆ ಗುಂಡಿ ತೋರಿಸಬೇಡಿ ಎಂದೇ ನಾನು ಹೇಳುವುದು.

ಗುಂಡಿಯ ಮೇಲಿನ ಮಾತು

ಮೂಡಲ್‌ನಲ್ಲಿ ಕನ್ನಡವನ್ನು ಆರಿಸಿಕೊಂಡರೂ ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ. ಅನುವಾದವಾಗದ ಸಾಲು ಇಂಗ್ಲಿಷಿನಲ್ಲೇ ಉಳಿಯುತ್ತದೆ, ಅಷ್ಟೇ. ಅದನ್ನು ತುಂಬಬೇಕಾದವರು ನಾವೇ. ಅನುವಾದ ನಡೆಯುವ ಜಾಗದ ಹೆಸರು ಆ್ಯಮೋಸ್. ಖಾತೆ ತೆರೆದು, ಕನ್ನಡ ಆರಿಸಿ, ಆಗದೆ ಉಳಿದಿರುವುದನ್ನು ಮಾತ್ರ ತೋರಿಸು ಎಂದರೆ ಎಡಕ್ಕೆ ಇಂಗ್ಲಿಷ್, ಬಲಕ್ಕೆ ಖಾಲಿ ಪೆಟ್ಟಿಗೆ. ಬರೆದದ್ದು ಮೊದಲು ನಿಮ್ಮ ಕಟ್ಟೆಯ ಮೇಲೆ ಕೂಡುತ್ತದೆ. ಒಂದಿಷ್ಟಾದ ಮೇಲೆ ಕನ್ನಡದ ಪ್ಯಾಕನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು. ಬರಲಿರುವ ಆವೃತ್ತಿಯ ಸಾಲುಗಳು ಬಿಡುಗಡೆಗೆ ಮೊದಲೇ ಇಲ್ಲಿ ಕಾಣಿಸಿಕೊಳ್ಳುತ್ತವೆ. ಹೊಸದೇನು ಬರುತ್ತಿದೆ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಕಿಟಕಿ ಗೊತ್ತಿಲ್ಲ. ಪ್ರಕಟಣೆಗಳು ದೊಡ್ಡ ಬದಲಾವಣೆಯನ್ನು ಹೇಳುತ್ತವೆ, ಆ್ಯಮೋಸ್ ಒಂದೊಂದು ಗುಂಡಿಯನ್ನೂ ತೋರಿಸುತ್ತದೆ.

ಕಳೆದ ದಸರಾ ರಜೆಯಲ್ಲಿ ಉಪ್ಪಿನಬೆಟಗೇರಿಯ ಒಬ್ಬ ಅಕ್ಕೋರ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಫೋನಿನ ಹಾಟ್‌ಸ್ಪಾಟ್ ಹಾಕಿ ಕೂತಿದ್ದೆವು. ಅವರು ಇಪ್ಪತ್ತು ವರ್ಷ ಕನ್ನಡ ಕಲಿಸಿದವರು. ಟೆಸ್ಟ್ ಮುಗಿಸುವ ಗುಂಡಿಯ ಮಾತಿಗೆ ನಾನು ‘ಪ್ರಯತ್ನವನ್ನು ಅಂತ್ಯಗೊಳಿಸಿ’ ಎಂದು ಬರೆದೆ. ಅವರು ಓದಿ, “ಸರ್ರ, ಇದನ್ನ ಓದಿದ್ರ ಹುಡುಗ್ರು ಹೆದರ್ತಾವ್ರಿ. ‘ಬರೆದು ಮುಗಿಸಿದೆ’ ಅಂತ ಹಾಕ್ರಿ, ತಿಳೀತೈತಿ” ಎಂದರು. ನಾನು ಪದಕೋಶದಲ್ಲಿ ಹುಡುಕುತ್ತಿದ್ದದ್ದು ಅವರಿಗೆ ತರಗತಿಯಿಂದಲೇ ಗೊತ್ತಿತ್ತು. ಪರೀಕ್ಷೆಯ ‘ಕ್ವಿಜ್’ಗೆ ರಸಪ್ರಶ್ನೆ ಎಂದರೆ ಮಕ್ಕಳು ಸಾಮಾನ್ಯಜ್ಞಾನದ ಸ್ಪರ್ಧೆ ಎಂದುಕೊಳ್ಳುತ್ತಾರೆ, ಕಿರುಪರೀಕ್ಷೆ ಎಂದರೆ ಸರಿ. ‘ಅಸೈನ್‌ಮೆಂಟ್’ಗೆ ನಿಯೋಜಿತ ಕಾರ್ಯ ಎಂದು ಬರೆದದ್ದನ್ನು ಯಾವ ಮಗುವೂ ಬಾಯಲ್ಲಿ ಅಂದದ್ದು ಕೇಳಿಲ್ಲ, ಅಸೈನ್‌ಮೆಂಟ್ ಎಂದೇ ಕನ್ನಡ ಅಕ್ಷರದಲ್ಲಿ ಬರೆಯಲಿ.

ಅನುವಾದದಲ್ಲಿ ನಿಜವಾದ ಪರೀಕ್ಷೆ ಬರುವುದು ವಿಭಕ್ತಿ ಪ್ರತ್ಯಯದಲ್ಲಿ. ಹೆಸರು ತಾನಾಗಿ ತುಂಬಿಕೊಳ್ಳಬೇಕಾದ ಕಡೆ ಪುಷ್ಪಾವರಣದೊಳಗೆ ಡಾಲರಿನ ಗುರುತೂ ಒಂದಕ್ಷರವೂ ಇರುತ್ತವೆ. ಅದನ್ನು ಮುಟ್ಟದೆ ಹಾಗೇ ಬಿಡಬೇಕು. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಒಂದು ಪದವಿಟ್ಟರೆ ಕೆಲಸ ಮುಗಿಯಿತು. ನಮಗೆ ಹೆಸರಿನ ಬೆನ್ನಿಗೆ ಪ್ರತ್ಯಯ ಬೇಕು: ಗಣಿತದಲ್ಲಿ, ಇಂಗ್ಲಿಷಿನಲ್ಲಿ, ಚರಿತ್ರೆಯಲ್ಲಿ. ಯಂತ್ರ ಮೂರಕ್ಕೂ ಒಂದೇ ಬಾಲ ಅಂಟಿಸಿದರೆ ‘ಗಣಿತನಲ್ಲಿ’ ಆಗುತ್ತದೆ. ಅಕ್ಕೋರು ಹೇಳಿದ ದಾರಿ ಚೊಕ್ಕವಾಗಿದೆ. ನಡುವೆ ಒಂದು ಪದ ಇಡಿ: ‘ಗಣಿತ ವಿಷಯದಲ್ಲಿ’, ‘ಇಂಗ್ಲಿಷ್ ವಿಷಯದಲ್ಲಿ’. ಮನುಷ್ಯರ ಹೆಸರಾದರೆ ‘ಅವರ’, ‘ಅವರಿಗೆ’; ಗೌರವವೂ ಉಳಿಯಿತು, ಗಂಡೋ ಹೆಣ್ಣೋ ಎಂಬ ತೊಡಕೂ ಬರಲಿಲ್ಲ. ಗುಂಡಿಯ ಮಾತು ಉದ್ದವಾದರೆ ಫೋನಿನಲ್ಲಿ ಎರಡು ಸಾಲಾಗಿ ಮುರಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಸೀಮೆಯ ಶಾಲೆಗಳಲ್ಲಿ ಮರಾಠಿ ಹಬ್ಬಿದ್ದಾಗ, ಧಾರವಾಡದಲ್ಲೇ ಹುಟ್ಟಿದ ಡೆಪ್ಯುಟಿ ಚೆನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ಪಾಠ ಹೇಳುವ ಹಲಗೆ ಈಗ ಪರದೆಯಾಗಿದೆ. ಅದರ ಮೇಲಿನ ಮಾತು ಕನ್ನಡವಾಗುವುದು ನನಗೆ ಸಣ್ಣ ಕೆಲಸವಾಗಿ ಕಾಣುವುದಿಲ್ಲ.

ನಿಮ್ಮ ಸಂಸ್ಥೆಗಷ್ಟೇ ಬೇಕಾದ ಪದಗಳಿದ್ದರೆ ಅದಕ್ಕೆ ಆ್ಯಮೋಸ್ ಬೇಕಿಲ್ಲ. ತಾಣದ ಆಡಳಿತದಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಅಲ್ಲೇ ಬದಲಿಸಬಹುದು. ಏರಿಸಿದ ಮೇಲೂ ಅದು ಉಳಿಯುತ್ತದೆ.

ಮೂಡಲ್ ಅಲ್ಲದ ಬೇರೆ ತಂತ್ರಾಂಶ ಬಳಸುವವರಿಗೂ ದಾರಿ ಇದೇ. ಓಪನ್ ಎಡ್‌ಎಕ್ಸ್ ಕೂಡ ವರ್ಷಕ್ಕೆರಡು ಬಿಡುಗಡೆ ಮಾಡುತ್ತದೆ, ಒಂದೊಂದಕ್ಕೂ ಮರದ ಹೆಸರು; 2025ರ ಜೂನ್‌ನದು ‘ಟೀಕ್’, ನಮ್ಮ ಸಾಗುವಾನಿ. ಮುಂಬೈಯ ಫ್ರಾಪ್ಪೆ ಕಂಪನಿಯದೂ ಒಂದು ಮುಕ್ತ ಎಲ್‌ಎಂಎಸ್ ಇದೆ. ಶಾಲೆಯ ಪುಸ್ತಕಗಳ ಕ್ಯೂಆರ್ ಗುರುತಿನಿಂದ ಎಲ್ಲರಿಗೂ ಪರಿಚಯವಾದ ದೀಕ್ಷಾ ನಿಂತಿರುವುದು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ.

ಕಂಡದ್ದನ್ನು ಹೇಳುವುದು

ದೋಷ ಕಂಡರೆ ಮೂಡಲ್‌ನ ಟ್ರ್ಯಾಕರ್‌ನಲ್ಲಿ ಬರೆಯಬೇಕು. ಮೊದಲು ಅದೇ ದೋಷವನ್ನು ಬೇರೆ ಯಾರಾದರೂ ಹೇಳಿದ್ದಾರೆಯೇ ಎಂದು ಹುಡುಕಿ. ಇದ್ದರೆ ಅದಕ್ಕೆ ನಿಮ್ಮ ಮತ ಹಾಕಿ, ನಿಮ್ಮ ಅನುಭವವನ್ನು ಕೆಳಗೆ ಸೇರಿಸಿ. ಇಲ್ಲದಿದ್ದರೆ ಹೊಸದಾಗಿ ಬರೆಯಿರಿ. ಇಂಗ್ಲಿಷ್ ಹರಕುಮುರುಕಾದರೂ ಚಿಂತೆಯಿಲ್ಲ, ವಿಷಯ ನಿಖರವಾಗಿರಲಿ. ‘ಕನ್ನಡ ಸರಿ ಬರುತ್ತಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಆವೃತ್ತಿ, ಯಾವ ಫೋನ್, ಯಾವ ಬ್ರೌಸರ್. ಯಾರಾಗಿ ಒಳಹೋದಿರಿ, ಮೊದಲು ಏನು ಒತ್ತಿದಿರಿ, ಆಮೇಲೆ ಏನು. ಏನು ಬರಬೇಕಿತ್ತು, ಏನು ಬಂತು. ತಪ್ಪಿದ ಪದವನ್ನು ಅಕ್ಷರವಾಗಿಯೂ ಚಿತ್ರವಾಗಿಯೂ ಕೊಡಿ, ಯಾಕೆಂದರೆ ಓದುವವರಿಗೆ ಕನ್ನಡ ಬರುವುದಿಲ್ಲ. ಸರಿಯಾದ ರೂಪ ಒಂದು ಚಿತ್ರ, ತಪ್ಪಾದದ್ದು ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಡಿ. ಬೇರೆಯವರ ಖಾತೆಯೊಳಗೆ ನುಗ್ಗಬಹುದಾದಂಥ ಭದ್ರತೆಯ ದೋಷವಾದರೆ ಮಾತ್ರ ಎಲ್ಲರಿಗೂ ಕಾಣುವಂತೆ ಬರೆಯದೆ, ಭದ್ರತೆಯದೆಂದು ಗುರುತು ಹಾಕಿ ಕಳಿಸಿ.

ಕಳಿಸಿದ ಪ್ರತಿ ವರದಿಗೂ, ಆ್ಯಮೋಸ್‌ಗೆ ಕಳಿಸಿದ ಪ್ರತಿ ಕಂತಿಗೂ ಒಂದು ಸಂಖ್ಯೆ ಸಿಗುತ್ತದೆ. ಮುಂದೆ ಏನಾಯಿತು ಎಂದು ನೋಡಲು ಅದೇ ಆಧಾರ. ಆ ದಿನ ಅಕ್ಕೋರು ಕಳಿಸಿದ್ದು ಹದಿನಾಲ್ಕು ಸಾಲು. ಅದರ ಸಂಖ್ಯೆಯನ್ನು ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನೊಂದಿಗೆ ಬರೆದಿಟ್ಟುಕೊಂಡಿದ್ದಾರೆ.